ರೈಝನ್ 5 5600 ಮತ್ತು ಕೋರ್ ಐ5-12400: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬದಿಯಡ್ಕದಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ, ಕೇಳಿದವರಿಗೆ ಕಂಪ್ಯೂಟರ್ ಜೋಡಿಸಿಯೂ ಕೊಡುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದ ಶಾಲೆ ತೆರೆಯುವವರೆಗೆ ಅಂಗಡಿಗೆ ಬರುವ ಹೆತ್ತವರ ಮಾತು ಹೆಚ್ಚುಕಡಿಮೆ ಒಂದೇ: "ಮಗನಿಗೆ ಆಟಕ್ಕೂ ಆಗಬೇಕು, ಮನೆಯ ಕೆಲಸಕ್ಕೂ ಆಗಬೇಕು. ಎಎಂಡಿ ಹಾಕಿಸುವುದೋ, ಇಂಟೆಲ್ ಹಾಕಿಸುವುದೋ?" ಮಧ್ಯಮ ಬೆಲೆಯಲ್ಲಿ ಹುಡುಕಿದರೆ ಮಾತು ಕೊನೆಗೆ ಎರಡು ಪ್ರೊಸೆಸರುಗಳಿಗೆ ಬಂದು ನಿಲ್ಲುತ್ತದೆ: ಎಎಂಡಿಯ ರೈಝನ್ 5 5600, ಇಂಟೆಲಿನ ಕೋರ್ ಐ5-12400. ನನ್ನ ಅಂಗಡಿಯ ಮೇಜಿನ ಮೇಲಿರುವುದು ಐ5. ಮನೆಯಲ್ಲಿ ಅಣ್ಣನ ಮಗ ಆಡುವುದು ರೈಝನಿನಲ್ಲಿ. ಎರಡರ ಜೊತೆಗೂ ವರ್ಷಗಟ್ಟಲೆ ಒಡನಾಡಿದ್ದೇನೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಜನ ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಇವೆರಡರ ನಡುವಿನ ವ್ಯತ್ಯಾಸ ಏನು?

ಅಂಕಿಗಳಲ್ಲಿ ಇವು ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡೂ 2022ರಲ್ಲಿ ಬಂದವು. ಇಂಟೆಲ್ ಜನವರಿಯಲ್ಲಿ, ಎಎಂಡಿ ಏಪ್ರಿಲಿನಲ್ಲಿ. ಎರಡರಲ್ಲೂ ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ತ್ರೆಡ್ (ಒಮ್ಮೆಗೇ ನಡೆಸಬಲ್ಲ ಕೆಲಸದ ಸಾಲು). ಎರಡೂ ಗರಿಷ್ಠ 4.4 ಗಿಗಾಹರ್ಟ್ಸ್ ವೇಗಕ್ಕೆ ಏರುತ್ತವೆ. ಪೆಟ್ಟಿಗೆಯ ಮೇಲೆ ಎರಡಕ್ಕೂ 65 ವ್ಯಾಟ್ ಎಂದೇ ಬರೆದಿರುತ್ತದೆ.

ದಾರಿ ಬೇರೆಯಾಗುವುದು ಒಳಗಿನ ಕಟ್ಟಡದಲ್ಲಿ. ರೈಝನಿನಲ್ಲಿ 32 ಎಂಬಿ ಎಲ್3 ಕ್ಯಾಷ್ ಇದೆ, ಐ5ರಲ್ಲಿ 18 ಎಂಬಿ. ಮದುವೆಮನೆಯ ಅಡುಗೆಭಟ್ಟರನ್ನು ನೆನಪಿಸಿಕೊಳ್ಳಿ. ಉಪ್ಪು, ಹುಳಿ, ಕೊತ್ತಂಬರಿ ಕೈಗೆಟಕುವ ಹಲಗೆಯ ಮೇಲಿದ್ದರೆ ಅವರು ಪದೇ ಪದೇ ಉಗ್ರಾಣಕ್ಕೆ ಓಡಬೇಕಾಗಿಲ್ಲ. ಕ್ಯಾಷ್ ಆ ಹಲಗೆ, ರ‍್ಯಾಮ್ ಉಗ್ರಾಣ. ಆಟಗಳು ಒಂದೇ ಮಾಹಿತಿಯನ್ನು ಮತ್ತೆ ಮತ್ತೆ ಕೇಳುವುದರಿಂದ ದೊಡ್ಡ ಹಲಗೆ ಅವುಗಳಿಗೆ ಅನುಕೂಲ. ಐ5ರ ಒಂದೊಂದು ಕೋರೂ ಅದೇ ವೇಗದಲ್ಲಿ ತುಸು ಹೆಚ್ಚು ಕೆಲಸ ಮುಗಿಸುತ್ತದೆ, ಆದ್ದರಿಂದ ಸಣ್ಣ ಹಲಗೆಯಲ್ಲೂ ಅದು ಹಿಂದೆ ಬೀಳುವುದಿಲ್ಲ.

ಐ5-12400ರ ಒಳಗೆ ಚಿತ್ರ ತೋರಿಸುವ ಭಾಗವೂ ಇದೆ, ಯುಎಚ್‌ಡಿ 730 ಎಂಬ ಗ್ರಾಫಿಕ್ಸ್. ರೈಝನ್ 5 5600ರಲ್ಲಿ ಅದು ಇಲ್ಲ. ನನ್ನ ಅನುಭವದಲ್ಲಿ ನಮ್ಮ ಊರಿನ ಮಟ್ಟಿಗೆ ಉಳಿದೆಲ್ಲ ವ್ಯತ್ಯಾಸಗಳಿಗಿಂತ ಇದು ದೊಡ್ಡದು.

ಸುತ್ತಿ ಬಳಸಿ ಹೇಳಬೇಡಿ. ಯಾವುದನ್ನು ಕೊಳ್ಳಲಿ?

ಮನೆಗೆಲ್ಲ ಒಂದೇ ಕಂಪ್ಯೂಟರ್, ಅದರಲ್ಲಿ ಮಗ ಆಡುತ್ತಾನೆ, ಮಗಳು ಓದುತ್ತಾಳೆ, ಯಜಮಾನರು ಅಡಿಕೆಯ ಲೆಕ್ಕ ಬರೆಯುತ್ತಾರೆ ಎಂದಾದರೆ ಐ5-12400, ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇಲ್ಲದ್ದು. ಮನೆಯಲ್ಲಿ ಈಗಾಗಲೇ ರೈಝನಿನ ಹಳೆಯ ಎಎಂ4 (ಪ್ರೊಸೆಸರ್ ಕೂರುವ ಜಾಗದ ಮಾದರಿ) ಮದರ್‌ಬೋರ್ಡ್ ಇದ್ದರೆ, ಅಥವಾ ಆಟವೊಂದೇ ಉದ್ದೇಶವಾಗಿ ಪ್ರತಿ ರೂಪಾಯಿಯೂ ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕೆಂದಿದ್ದರೆ ರೈಝನ್ 5 5600.

ಆ ಎಫ್ ಅಕ್ಷರದ ಬಗ್ಗೆ ನೀವು ಅಷ್ಟೊಂದು ಒತ್ತಿ ಹೇಳುವುದು ಯಾಕೆ? ಇಲ್ಲದಿದ್ದರೆ ಬೆಲೆ ಹೆಚ್ಚಲ್ಲವೇ?

ಹೆಚ್ಚು, ನಿಜ. ಬಿಡುಗಡೆಯ ಕಾಲದಲ್ಲಿ ಇಂಟೆಲ್ ಪ್ರಕಟಿಸಿದ ಬೆಲೆ ಐ5-12400ಕ್ಕೆ 192 ಡಾಲರ್, 12400ಎಫ್‌ಗೆ 167 ಡಾಲರ್. ಎಫ್ ಇರುವುದೂ ಅದೇ ಪ್ರೊಸೆಸರ್, ಒಳಗಿನ ಗ್ರಾಫಿಕ್ಸ್ ಮಾತ್ರ ಕೆಲಸ ಮಾಡುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಹೇಗೂ ಹಾಕುತ್ತೇವೆ, ಇದಕ್ಕೇಕೆ ದುಡ್ಡು ಎಂದು ನಾನೂ ಹಿಂದೆ ಹೇಳುತ್ತಿದ್ದೆ.

ನನ್ನ ಮನಸ್ಸು ಬದಲಾದದ್ದು ಒಂದು ತುಲಾವರ್ಷದ (ಹಿಂಗಾರು ಮಳೆಯ) ಸಂಜೆ. ಗುಡುಗು ಶುರುವಾಗುವಾಗ ಅಣ್ಣನ ಮಗ ಆಟದ ನಡುವೆ ಇದ್ದ. ಪ್ಲಗ್ ಎಳೆಯುವಷ್ಟರಲ್ಲಿ ಸಿಡಿಲು ಎಲ್ಲೋ ಹತ್ತಿರ ಬಿತ್ತು. ಕಂಪ್ಯೂಟರ್ ಮತ್ತೆ ಚಾಲೂ ಆಯಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಗ್ರಾಫಿಕ್ಸ್ ಕಾರ್ಡ್ ಹೋಗಿತ್ತು. ಅದನ್ನು ತಲಪಾಡಿ ದಾಟಿಸಿ ಮಂಗಳೂರಿನ ಸರ್ವಿಸ್ ಕೇಂದ್ರವೊಂದಕ್ಕೆ ಕೊಟ್ಟೆವು, ಅವರು ಮುಂದಕ್ಕೆ ಕಳುಹಿಸಿದರು, ಮರಳಿ ಬರುವಾಗ ಐದು ವಾರ ಕಳೆದಿತ್ತು. ರೈಝನ್ 5 5600ಕ್ಕೆ ತನ್ನದೇ ಗ್ರಾಫಿಕ್ಸ್ ಇಲ್ಲ. ಪ್ರೊಸೆಸರ್, ರ‍್ಯಾಮ್, ಬೋರ್ಡ್ ಎಲ್ಲವೂ ಸರಿಯಿದ್ದ ಯಂತ್ರ ಐದು ವಾರ ಸುಮ್ಮನೆ ಕುಳಿತಿತ್ತು, ಹುಡುಗನ ಪ್ರಾಜೆಕ್ಟ್ ಕೆಲಸ ನನ್ನ ಅಂಗಡಿಯ ಐ5ರಲ್ಲಿ ನಡೆಯಿತು. ಅದೇ ಯಂತ್ರದಲ್ಲಿ ಐ5-12400 ಇದ್ದಿದ್ದರೆ ಕಾರ್ಡನ್ನು ಕಳಚಿ, ಪರದೆಯ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿದರೆ ಸಾಕಿತ್ತು. ಆಟ ನಿಲ್ಲುತ್ತಿತ್ತು, ಓದು ನಿಲ್ಲುತ್ತಿರಲಿಲ್ಲ.

ದೊಡ್ಡ ಪಟ್ಟಣದಲ್ಲಿದ್ದವರು ಪಕ್ಕದ ಬೀದಿಯಿಂದ ಒಂದು ಹಳೆಯ ಕಾರ್ಡ್ ತಂದು ಪರೀಕ್ಷಿಸಿಯಾರು. ಪೆರ್ಲದ ಒಳಗಿನ ತೋಟದ ಮನೆಯಿಂದ ಕಂಪ್ಯೂಟರನ್ನು ಹೊತ್ತುಕೊಂಡು ಬಸ್ಸಿಗೆ ಬರುವವರಿಗೆ ಆ ಸೌಲಭ್ಯ ಇಲ್ಲ. ತೊಂದರೆ ಕಾರ್ಡಿನಲ್ಲಿದೆಯೋ ಬೋರ್ಡಿನಲ್ಲಿದೆಯೋ ಎಂದು ಮನೆಯಲ್ಲೇ ತಿಳಿಯಲಿಕ್ಕೂ ಒಳಗಿನ ಗ್ರಾಫಿಕ್ಸ್ ಬೇಕು.

ಆಟಗಳಲ್ಲಿ ಯಾವುದು ಮುಂದೆ?

ಎರಡೂ ಒಂದೇ ಸಾಲಿನಲ್ಲಿವೆ. ಕೆಲವು ಆಟಗಳಲ್ಲಿ ದೊಡ್ಡ ಕ್ಯಾಷಿನ ಬಲದಿಂದ ರೈಝನ್ ಸ್ವಲ್ಪ ಮುಂದೆ, ಕೆಲವದರಲ್ಲಿ ಐ5 ಸ್ವಲ್ಪ ಮುಂದೆ. ಪರದೆಯ ಮೂಲೆಯಲ್ಲಿ ಅಂಕಿ ಇಟ್ಟುಕೊಂಡು ನೋಡಿದರೆ ಮಾತ್ರ ಕಾಣುವ ಅಂತರ ಅದು.

ಯಾಕೆಂದರೆ ಹೆಚ್ಚಿನ ಆಟಗಳಲ್ಲಿ ಭಾರ ಹೊರುವುದು ಗ್ರಾಫಿಕ್ಸ್ ಕಾರ್ಡ್. ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 3060 ದರ್ಜೆಯ ಕಾರ್ಡ್ ಹಾಕಿ, 1080ಪಿ ಪರದೆಯಲ್ಲಿ ಗುಣಮಟ್ಟವನ್ನು ಏರಿಸಿ ಆಡಿದರೆ ಕಾರ್ಡ್ ಮೊದಲು ಸುಸ್ತಾಗುತ್ತದೆ, ಪ್ರೊಸೆಸರ್ ಅದಕ್ಕಾಗಿ ಕಾಯುತ್ತದೆ. ಜಿಟಿಎ 5ರಂಥ ಆಟದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ನನ್ನ ಗಿರಾಕಿಗಳಿಗೆ ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಇವುಗಳ ಸ್ವಭಾವ ಬೇರೆ. ಗುಣಮಟ್ಟ ತಗ್ಗಿಸಿ ಸೆಕೆಂಡಿಗೆ ನೂರಾರು ಫ್ರೇಮ್ ಬೇಕೆನ್ನುವವರಿಗೆ ಅಲ್ಲಿ ಪ್ರೊಸೆಸರಿನ ಶಕ್ತಿ ಲೆಕ್ಕಕ್ಕೆ ಬರುತ್ತದೆ. ಆದರೂ ನಿಮ್ಮ ಪರದೆ 60 ಹರ್ಟ್ಸ್‌ನದಾಗಿದ್ದರೆ ಅದು ತೋರಿಸುವುದು ಸೆಕೆಂಡಿಗೆ ಅರವತ್ತು ಚಿತ್ರ ಮಾತ್ರ. ಪ್ರೊಸೆಸರ್ ಬದಲಿಸುವುದಕ್ಕಿಂತ 144 ಹರ್ಟ್ಸ್ ಪರದೆ ಕೊಂಡರೆ ಹುಡುಗರಿಗೆ ಹೆಚ್ಚು ಖುಷಿಯಾಗುತ್ತದೆ.

ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳೂ ಚಾಲೂ ಇರಬೇಕು. ಎರಡೂ ಪ್ರೊಸೆಸರುಗಳಲ್ಲಿ ಆ ಸೌಲಭ್ಯ ಇದೆ, ಬಯಾಸಿಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ, ಮದರ್‌ಬೋರ್ಡಿನ ಹೊಂದಾಣಿಕೆಗಳ ಪುಟ) ಹೋಗಿ ತೆರೆಯಬೇಕು ಅಷ್ಟೆ. ಈ ಒಂದು ಕಾರಣಕ್ಕೆ ಹೊಸ ಕಂಪ್ಯೂಟರ್ ಹಾಳಾಗಿದೆಯೆಂದು ಮರಳಿ ತಂದವರಿದ್ದಾರೆ.

ಆಟದ ನಡುವೆ ಪಿಂಗ್ ಏರಿ ಆಟ ಎಳೆಯುತ್ತದೆ. ಪ್ರೊಸೆಸರ್ ಬದಲಿಸಿದರೆ ಸರಿಹೋಗುತ್ತದೆಯೇ?

ಇಲ್ಲ. ಪಿಂಗ್ ಎಂದರೆ ಆಟದ ಸರ್ವರಿಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ, ಅದು ಇಂಟರ್ನೆಟ್ ಸಂಪರ್ಕಕ್ಕೆ ಸೇರಿದ ವಿಷಯ. ಮೊಬೈಲ್ ಹಾಟ್‌ಸ್ಪಾಟ್ ಬಿಟ್ಟು ಫೈಬರ್ ಸಂಪರ್ಕ ತೆಗೆದುಕೊಳ್ಳಿ, ಮೋಡೆಮ್‌ನಿಂದ ಕಂಪ್ಯೂಟರಿಗೆ ಕೇಬಲ್ ಎಳೆಯಿರಿ. ನಮ್ಮ ಮುರಕಲ್ಲಿನ ದಪ್ಪ ಗೋಡೆಗಳನ್ನು ದಾಟುವಾಗ ವೈಫೈ ಬಲ ಕಳೆದುಕೊಳ್ಳುತ್ತದೆ.

ಮೊಬೈಲಿನ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಬಹುದೇ?

ಬ್ಲೂಸ್ಟ್ಯಾಕ್ಸ್‌ನಂಥ ಎಮುಲೇಟರ್ ಹಾಕಿದರೆ ಎರಡರಲ್ಲೂ ಚೆನ್ನಾಗಿ ನಡೆಯುತ್ತದೆ. ಬಯಾಸಿನಲ್ಲಿ ವರ್ಚುವಲೈಸೇಶನ್ ಚಾಲೂ ಮಾಡಿರಬೇಕು. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿ ಬೋರ್ಡಿನಲ್ಲಿ ಎಸ್‌ವಿಎಂ. ಅದು ಮುಚ್ಚಿದ್ದರೆ ಆಟ ಬಸವನಹುಳುವಿನಂತೆ ತೆವಳುತ್ತದೆ, ಬೈಗುಳ ಪ್ರೊಸೆಸರಿಗೆ ಬೀಳುತ್ತದೆ. ಎಮುಲೇಟರಿನಲ್ಲಿ ಆಡುವುದನ್ನು ಒಪ್ಪದ ಆಟಗಳೂ ಇವೆ, ಮೊದಲೇ ವಿಚಾರಿಸಿಕೊಳ್ಳಿ.

ಈ ವರ್ಷ ಗ್ರಾಫಿಕ್ಸ್ ಕಾರ್ಡಿಗೆ ಹಣವಿಲ್ಲ. ಅಡಿಕೆಗೆ ಒಳ್ಳೆಯ ಬೆಲೆ ಬಂದರೆ ಮುಂದಿನ ವರ್ಷ ಹಾಕಿಸುತ್ತೇನೆ. ಈಗ ಏನು ಮಾಡಲಿ?

ಹಾಗಾದರೆ ರೈಝನ್ 5 5600 ಪಟ್ಟಿಯಿಂದ ಹೊರಗೆ, ಕಾರ್ಡಿಲ್ಲದೆ ಅದು ಚಿತ್ರವನ್ನೇ ಕೊಡುವುದಿಲ್ಲ. ಉಳಿಯುವುದು ಐ5-12400 ಮತ್ತು ರೈಝನಿನ ಬಳಗದ ಇನ್ನೊಂದು, 5600ಜಿ.

5600ಜಿ ಒಳಗೆ ವೆಗಾ ಗ್ರಾಫಿಕ್ಸ್ ಇದೆ, ಅದು ಯುಎಚ್‌ಡಿ 730ಕ್ಕಿಂತ ಸ್ಪಷ್ಟವಾಗಿ ಬಲಶಾಲಿ. ಕಾರ್ಡಿಲ್ಲದೆ ಈಗಲೇ ಆಡಬೇಕೆಂದರೆ ಅದು ಸರಿ. ಆದರೆ 5600ಜಿ ಎಂದರೆ 5600ಕ್ಕೆ ಗ್ರಾಫಿಕ್ಸ್ ಸೇರಿಸಿದ್ದು ಎಂದು ತಿಳಿಯಬೇಡಿ. ಅದರ ಕ್ಯಾಷ್ ಅರ್ಧ, 16 ಎಂಬಿ. ಕಾರ್ಡಿನ ಜೊತೆ ಮಾತಾಡುವ ಪಿಸಿಐಇ ದಾರಿಯೂ ಹಳೆಯ ಮೂರನೇ ತಲೆಮಾರಿನದು. ಮುಂದೆ ಕಾರ್ಡ್ ಹಾಕಿದಾಗ ಅದು ಹಿಂದೆ ಬೀಳುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಅಗ್ಗದ ಕಾರ್ಡ್ ಕೇವಲ ನಾಲ್ಕು ಸಾಲಿನ ಸಂಪರ್ಕದಲ್ಲಿ ಕೆಲಸ ಮಾಡುತ್ತದೆ. ಅದನ್ನು 5600ಜಿಯ ಹಳೆಯ ದಾರಿಗೆ ಜೋಡಿಸಿದರೆ ಕಾರ್ಡಿಗೆ ಕೊಟ್ಟ ಹಣದ ಒಂದು ಪಾಲು ನೀರಿಗೆ ಹೋದಂತೆ.

ಮುಂದಿನ ವರ್ಷ ಕಾರ್ಡ್ ಖಂಡಿತ ಬರುತ್ತದೆ ಎಂದಿದ್ದರೆ ನಾನು ಐ5-12400ನ್ನೇ ಹಾಕಿಕೊಡುತ್ತೇನೆ. ಒಂದು ವರ್ಷ ಹುಡುಗ ಮೈನ್‌ಕ್ರಾಫ್ಟಿನಂಥ ಹಗುರವಾದ ಆಟಗಳಲ್ಲಿ ತೃಪ್ತಿಪಡಬೇಕು.

ಕಚೇರಿ ಕೆಲಸ, ಅರ್ಜಿ, ಲೆಕ್ಕಪತ್ರಗಳಿಗೆ ಯಾವುದು ಚುರುಕು?

ಎಕ್ಸೆಲ್, ಟ್ಯಾಲಿ, ಇಪ್ಪತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್ ಇಂಥವುಗಳಲ್ಲಿ ಐ5 ಕೊಂಚ ಚುರುಕು, ಒಂದೊಂದು ಕೋರಿನ ಬಲ ಹೆಚ್ಚಿರುವುದರಿಂದ. ಆದರೆ ಈ ಕೆಲಸಕ್ಕೆ ಎರಡೂ ಬೇಕಾದ್ದಕ್ಕಿಂತ ಹೆಚ್ಚೇ. ಅಕ್ಷಯ ಕೇಂದ್ರ (ಕೇರಳ ಸರಕಾರದ ಸೇವೆಗಳ ಅರ್ಜಿ ತುಂಬಿಸುವ ಕೇಂದ್ರ) ನಡೆಸುವ ಸ್ನೇಹಿತರೊಬ್ಬರು ದಿನವಿಡೀ ಸ್ಕ್ಯಾನ್, ಪ್ರಿಂಟ್, ಅಪ್‌ಲೋಡ್ ಮಾಡುತ್ತಾರೆ. ಅವರ ಯಂತ್ರದ ನಿಧಾನ ಹೋದದ್ದು ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲೆ, ಪ್ರೊಸೆಸರ್ ಹಳೆಯದೇ ಉಳಿಯಿತು.

ಕನ್ನಡ, ಮಲಯಾಳ ಎರಡನ್ನೂ ಒಂದೇ ಅರ್ಜಿಯಲ್ಲಿ ಟೈಪ್ ಮಾಡಿದರೆ ಅಕ್ಷರಗಳು ಒಡೆಯುತ್ತವೆ. ಇಂಟೆಲ್ ಹಾಕಿದರೆ ಸರಿಯಾಗುತ್ತದೆಯೇ?

ಈ ಪ್ರಶ್ನೆ ಕೇಳುವವರ ಕಷ್ಟ ನನಗೆ ಗೊತ್ತು. 1956ರ ನವೆಂಬರ್ 1ರಂದು ಈ ಮಣ್ಣು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಕಾಗದಪತ್ರಗಳು ಎರಡು ಲಿಪಿಗಳ ನಡುವೆ ಓಡಾಡುತ್ತಿವೆ. ಮಲಯಾಳದ ನಮೂನೆಯಲ್ಲಿ ಕನ್ನಡದ ವಿಳಾಸ ತುಂಬುವವರು ನನ್ನ ಅಂಗಡಿಗೆ ವಾರದಲ್ಲಿ ನಾಲ್ಕು ಮಂದಿಯಾದರೂ ಬರುತ್ತಾರೆ.

ಒತ್ತಕ್ಷರ ಒಡೆಯುವುದಕ್ಕೂ ಪ್ರೊಸೆಸರಿಗೂ ಸಂಬಂಧವಿಲ್ಲ. ಹಳೆಯ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿಕೊಂಡಿರುತ್ತವೆ. ಫಾಂಟ್ ಬದಲಾದೊಡನೆ ಬರಹ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮಲಯಾಳದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಎರಡೂ ಒಂದೇ ಪುಟದಲ್ಲಿ ತಕರಾರಿಲ್ಲದೆ ಕೂರುತ್ತವೆ. ನುಡಿ ತಂತ್ರಾಂಶ ಬಳಸುವವರು ಅದರ ಯೂನಿಕೋಡ್ ಆಯ್ಕೆಯಲ್ಲಿ ಟೈಪ್ ಮಾಡಿ. ಪೇಜ್‌ಮೇಕರಿನ ಹಳೆಯ ಕಡತಗಳಿದ್ದರೆ ಯೂನಿಕೋಡಿಗೆ ಪರಿವರ್ತಿಸಿ, ಆದರೆ ಅರ್ಕಾವತ್ತು ಇರುವ ಪದಗಳನ್ನು ಮತ್ತೊಮ್ಮೆ ಕಣ್ಣಿಂದ ಓದಿ. ಪರಿವರ್ತನೆಯಲ್ಲಿ ತಪ್ಪುವುದು ಹೆಚ್ಚಾಗಿ ಅಲ್ಲೇ. ಆಮಂತ್ರಣ ಪತ್ರಿಕೆಯಲ್ಲಿ ಮದುಮಗನ ಹೆಸರು ತಪ್ಪಿದರೆ ಆ ಮನೆಯವರು ಹತ್ತು ವರ್ಷ ಮರೆಯುವುದಿಲ್ಲ.

ಯಕ್ಷಗಾನದ ವಿಡಿಯೊ ಸಂಕಲನಕ್ಕೆ ಯಾವುದು ಒಳ್ಳೆಯದು?

ನಮ್ಮಲ್ಲಿ ಆಟವೆಂದರೆ ಮೊದಲು ಯಕ್ಷಗಾನವೇ, ಕಂಪ್ಯೂಟರಿನ ಆಟ ಆಮೇಲೆ. "ಆಟಕ್ಕೆ ಒಂದು ಕಂಪ್ಯೂಟರ್ ಬೇಕು" ಎಂದು ಕುಂಬಳೆಯಿಂದ ಒಬ್ಬರು ಫೋನ್ ಮಾಡಿದಾಗ ನಾನು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಹತ್ತು ನಿಮಿಷ ವಿವರಿಸಿದ್ದೆ. ಅವರಿಗೆ ಬೇಕಾಗಿದ್ದದ್ದು ಬಯಲಾಟದ ರೆಕಾರ್ಡಿಂಗ್ ಕತ್ತರಿಸುವ ಯಂತ್ರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ಬೇರೇನು ಕೇಳಿಯಾರು!

ಈ ಕೆಲಸ ಭಾರವಾದದ್ದು. ರಾತ್ರಿ ಶುರುವಾಗಿ ಬೆಳಗಿನ ಮಂಗಳಪದದವರೆಗಿನ ಪ್ರಸಂಗವನ್ನು ಎರಡು ಕ್ಯಾಮೆರಾಗಳಲ್ಲಿ ಹಿಡಿದರೆ ಹದಿನಾರು ಗಂಟೆಯಷ್ಟು ವಿಡಿಯೊ ಕೈಗೆ ಬರುತ್ತದೆ. ಭಾಗವತರ ಪದಕ್ಕೆ ಚೆಂಡೆಯ ಪೆಟ್ಟು ಒಂದು ಕೂದಲಷ್ಟೂ ಹಿಂದೆಮುಂದೆ ಆಗದಂತೆ ಎರಡನ್ನೂ ಹೊಂದಿಸಬೇಕು. ವಿಡಿಯೊ ಎಳೆದಾಡುವಾಗ ತಡವರಿಸುವ ಯಂತ್ರದಲ್ಲಿ ಈ ಕೆಲಸ ಮಾಡಿದವರ ಸಂಕಟ ಅವರಿಗೇ ಗೊತ್ತು.

ಇಲ್ಲಿ ನಾನು ಅನುಮಾನವಿಲ್ಲದೆ ಐ5-12400 ಎನ್ನುತ್ತೇನೆ. ಒಳಗಿನ ಗ್ರಾಫಿಕ್ಸಿನಲ್ಲಿ ಕ್ವಿಕ್ ಸಿಂಕ್ ಎಂಬ ವ್ಯವಸ್ಥೆ ಇದೆ. ಕ್ಯಾಮೆರಾ ಒತ್ತಿ ಮಡಿಸಿಟ್ಟ ವಿಡಿಯೊವನ್ನು ಬಿಡಿಸುವುದಕ್ಕೆ, ಕೊನೆಗೆ ಮತ್ತೆ ಮಡಿಸುವುದಕ್ಕೆಂದೇ ಇರುವ ಪ್ರತ್ಯೇಕ ಭಾಗ ಅದು. ಆರು ಕೋರುಗಳಿಗೆ ಆ ಹೊರೆ ಬೀಳುವುದಿಲ್ಲ. ಹೊಸ ಕ್ಯಾಮೆರಾಗಳು ಬರೆಯುವ 10 ಬಿಟ್, 4:2:2 ಎಚ್‌ಇವಿಸಿ ಎಂಬ (ಬಣ್ಣದ ವಿವರ ಹೆಚ್ಚಿರುವ) ಕಡತಗಳನ್ನು ಕೂಡ ಅದು ಬಿಡಿಸುತ್ತದೆ. ಆರ್‌ಟಿಎಕ್ಸ್ 3060ರಂಥ ದುಬಾರಿ ಕಾರ್ಡಿಗೆ ಇದು ಆಗುವುದಿಲ್ಲ. ರೈಝನಿನ ಜೊತೆ ಎನ್ವಿಡಿಯಾ ಕಾರ್ಡ್ ಇದ್ದರೆ ಸಾಮಾನ್ಯ ಮೊಬೈಲ್ ವಿಡಿಯೊಗಳ ಸಂಕಲನ ಸಲೀಸಾಗಿ ಆಗುತ್ತದೆ. ರ‍್ಯಾಮ್ 32 ಜಿಬಿ ಇರಲಿ. ಮೂಲ ಕಡತಗಳಿಗೆ ಬೇರೆಯೇ ಒಂದು ದೊಡ್ಡ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ, ವೇಷಧಾರಿಯ ಕೊನೆಯ ಪಾತ್ರ ಅದರಲ್ಲೇ ಇದ್ದೀತು.

ಶಾಲೆಯಲ್ಲಿ ಲಿನಕ್ಸ್ ಕಲಿಸುತ್ತಾರೆ. ಮನೆಯ ಯಂತ್ರದಲ್ಲೂ ಅದು ನಡೆಯುತ್ತದೆಯೇ?

ಕೇರಳದ ಶಾಲೆಗಳಲ್ಲಿ ಬಳಸುವ ಕೈಟ್ ಗ್ನು/ಲಿನಕ್ಸ್ ಉಬುಂಟುವನ್ನು ಆಧರಿಸಿದ್ದು. ಇಂಕ್‌ಸ್ಕೇಪ್, ಲಿಬ್ರೆ ಆಫೀಸ್, ಪೈಥಾನ್ ಎಲ್ಲವನ್ನೂ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಎರಡೂ ಪ್ರೊಸೆಸರುಗಳಲ್ಲಿ ಇದು ನಡೆಯುತ್ತದೆ. ಐ5ರ ಒಳಗಿನ ಗ್ರಾಫಿಕ್ಸಿಗೆ ಚಾಲಕ ತಂತ್ರಾಂಶ ಲಿನಕ್ಸಿನೊಳಗೇ ಇದೆ. ಎನ್ವಿಡಿಯಾ ಕಾರ್ಡಿದ್ದರೆ ಅದರ ಚಾಲಕವನ್ನು ಬೇರೆಯಾಗಿ ಸೇರಿಸಬೇಕಾದೀತು. ಒಂದೇ ಎಸ್‌ಎಸ್‌ಡಿಯಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಪಕ್ಕಪಕ್ಕ ಇಡಬಹುದು. ಪ್ರಾಯೋಗಿಕ ಪರೀಕ್ಷೆಗೆ ಮೊದಲು ಮಗು ಮನೆಯಲ್ಲೇ ಅಭ್ಯಾಸ ಮಾಡುವಂತಾದರೆ ಲ್ಯಾಬಿನಲ್ಲಿ ಕೈ ನಡುಗುವುದಿಲ್ಲ.

ಮದರ್‌ಬೋರ್ಡ್ ಯಾವುದು ಹಾಕಿಸಲಿ?

ಅಗ್ಗದ ಬೋರ್ಡಿನಲ್ಲಿ ಏನು ಬಿಟ್ಟಿದ್ದಾರೆಂದು ತಿಳಿದು ಕೊಳ್ಳಿ. ಇಂಟೆಲಿನ ಎಚ್610 ಬೋರ್ಡಿನಲ್ಲಿ ರ‍್ಯಾಮಿಗೆ ಎರಡೇ ಜಾಗ. ಮನೆಗೆ, ಕಚೇರಿಗೆ ಸಾಕು. ಬಿ660 ತೆಗೆದುಕೊಂಡರೆ ಎಸ್‌ಎಸ್‌ಡಿಗಳಿಗೆ ಹೆಚ್ಚು ಜಾಗ, ವೇಗದ ರ‍್ಯಾಮಿಗೂ ಅವಕಾಶ. ಎಎಂಡಿ ಕಡೆಯಲ್ಲಿ ಬಿ550 ನನ್ನ ಆಯ್ಕೆ, ಅದರಲ್ಲಿ ಪಿಸಿಐಇ ನಾಲ್ಕನೇ ತಲೆಮಾರಿನದು ಸಿಗುತ್ತದೆ. ಎ520 ಅಥವಾ ಹಳೆಯ ಬಿ450ರಲ್ಲಿ ಮೂರನೆಯದು.

12400 ಕೊಳ್ಳುವವರು ಇನ್ನೊಂದು ವಿಷಯ ನೋಡಬೇಕು. ಅದು ಡಿಡಿಆರ್4, ಡಿಡಿಆರ್5 ಎರಡನ್ನೂ ಒಪ್ಪುತ್ತದೆ, ಬೋರ್ಡ್ ಮಾತ್ರ ಒಂದನ್ನೇ ಒಪ್ಪುತ್ತದೆ. ಬೋರ್ಡಿನ ಪೆಟ್ಟಿಗೆ ಓದದೆ ರ‍್ಯಾಮ್ ತಂದು, ಅದು ಕೂರದೆ, ಮತ್ತೆ ಮಂಗಳೂರಿಗೆ ಬಸ್ ಹತ್ತಿದವರಿದ್ದಾರೆ. 5600ಕ್ಕೆ ಡಿಡಿಆರ್4 ಮಾತ್ರ, ಅಲ್ಲಿ ಗೊಂದಲವಿಲ್ಲ.

ರ‍್ಯಾಮ್ 16 ಜಿಬಿಯ ಒಂದೇ ಪಟ್ಟಿ ಸಾಕಲ್ಲವೇ?

8 ಜಿಬಿಯ ಎರಡು ಪಟ್ಟಿ ಹಾಕಿ. ಎರಡೂ ಪ್ರೊಸೆಸರುಗಳಿಗೆ ರ‍್ಯಾಮಿನ ಜೊತೆ ಮಾತಾಡಲು ಎರಡು ದಾರಿಗಳಿವೆ, ಒಂದೇ ಪಟ್ಟಿ ಹಾಕಿದರೆ ಒಂದು ದಾರಿ ಖಾಲಿ ಬೀಳುತ್ತದೆ. ಒಳಗಿನ ಗ್ರಾಫಿಕ್ಸ್ ಬಳಸುವವರಿಗಂತೂ ಇದರ ಪೆಟ್ಟು ಜೋರು, ಅದು ಬದುಕುವುದೇ ರ‍್ಯಾಮಿನ ಮೇಲೆ. ಜೋಡಿಸಿದ ಮೇಲೆ ಬಯಾಸಿನಲ್ಲಿ ಎಕ್ಸ್‌ಎಂಪಿ ಆಯ್ಕೆಯನ್ನೂ ಚಾಲೂ ಮಾಡಿ, ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವುದು ಆಗಲೇ. 3200ರ ವೇಗದ ರ‍್ಯಾಮಿಗೆ ಹಣ ಕೊಟ್ಟು, ವರ್ಷಾನುಗಟ್ಟಲೆ 2400ರಲ್ಲಿ ಓಡಿಸುತ್ತಿದ್ದ ಯಂತ್ರಗಳನ್ನು ನಾನು ಕಂಡಿದ್ದೇನೆ.

ನಮ್ಮ ಸೆಕೆಗೆ, ಮಳೆಗೆ ಯಾವುದು ತಡೆಯುತ್ತದೆ?

ಐ5ಕ್ಕೆ ಇಂಟೆಲ್ ಗೊತ್ತುಪಡಿಸಿದ ಗರಿಷ್ಠ ತಾಪ 100 ಡಿಗ್ರಿ, 5600ಕ್ಕೆ ಎಎಂಡಿ ಗೊತ್ತುಪಡಿಸಿದ್ದು 90. ಆಡುವಾಗ ಎರಡೂ ಆ ಮಿತಿಯಿಂದ ಕೆಳಗೇ ಇರುತ್ತವೆ. ಪೆಟ್ಟಿಗೆಯ ಜೊತೆ ಬರುವ ಫ್ಯಾನ್ ಸಾಕು. ಏಪ್ರಿಲ್ ಸೆಕೆಯಲ್ಲಿ ಮೂರು ಗಂಟೆ ವಿಡಿಯೊ ಮಡಿಸುವವರಾದರೆ ದೊಡ್ಡ ಕೂಲರ್ ಹಾಕಿಸಿ.

ನನಗೆ ಹೆಚ್ಚು ಚಿಂತೆ ಉಳಿದ ಶತ್ರುಗಳದ್ದು. ಬೇಸಿಗೆಯಲ್ಲಿ ಕೆಂಪು ಮಣ್ಣಿನ ದೂಳು ಫ್ಯಾನಿನ ರೆಕ್ಕೆಗೆ ಹಿಟ್ಟಿನಂತೆ ಮೆತ್ತುತ್ತದೆ. ಉಪ್ಪಳ, ಮಂಜೇಶ್ವರದ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ತಿರುಪುಗಳು ತುಕ್ಕು ಹಿಡಿಯುತ್ತವೆ. ಮಳೆಗಾಲದಲ್ಲಿ ಇರುವೆ, ಹಲ್ಲಿಗಳು ಬೆಚ್ಚನೆಯ ಜಾಗ ಹುಡುಕಿ ಪವರ್ ಸಪ್ಲೈ ಒಳಗೆ ಸೇರುತ್ತವೆ. ಕ್ಯಾಬಿನೆಟ್ಟಿನ ಹಿಂಬದಿಯ ತೆರೆದ ಜಾಗಗಳಿಗೆ ಪಟ್ಟಿ ಮುಚ್ಚಿ, ಯಂತ್ರವನ್ನು ನೆಲದಿಂದ ಒಂದಡಿ ಮೇಲೆ ಇಡಿ. ಆಟಿ ತಿಂಗಳ ಮಳೆಯಲ್ಲಿ ಬಳಸದೆ ಬಿಟ್ಟರೂ ದಿನಕ್ಕೊಂದು ಗಂಟೆ ಚಾಲೂ ಇಡಿ, ಒಳಗಿನ ತೇವ ಆರುತ್ತದೆ.

ಸಿಡಿಲಿನಿಂದ ಕಾಪಾಡುವುದು ಹೇಗೆ? ಯುಪಿಎಸ್ ಇದ್ದರೆ ಸಾಕೇ?

ಸಾಲದು. ಗುಡುಗು ಕೇಳಿದೊಡನೆ ಗೋಡೆಯಿಂದ ಪ್ಲಗ್ ಎಳೆಯಿರಿ, ಮೋಡೆಮ್‌ನಿಂದ ಬರುವ ನೆಟ್‌ವರ್ಕ್ ಕೇಬಲನ್ನೂ ಕಳಚಿ. ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ತರುವುದಿಲ್ಲ, ಮೋಡೆಮ್‌ನ ಅಡಾಪ್ಟರ್ ಮತ್ತು ತಾಮ್ರದ ಕೇಬಲ್ ತರುತ್ತವೆ. ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ವಯರಿಂಗ್ ಗೊತ್ತಿದ್ದವರಿಂದ ಪರೀಕ್ಷೆ ಮಾಡಿಸಿ. ಪಾರೆಕಲ್ಲಿನ ನೆಲದ ಮನೆಗಳಲ್ಲಿ ಬೇಸಿಗೆ ಬಂದರೆ ಅರ್ತ್ ಗುಂಡಿ ಒಣಗಿಹೋಗಿರುತ್ತದೆ.

ಯುಪಿಎಸ್ ಬೇಕಾಗುವುದು ಕರೆಂಟ್ ಹೋದಾಗ ಕಡತ ಉಳಿಸಿ ಯಂತ್ರ ಆರಿಸುವುದಕ್ಕೆ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಕಾರ್ಡಿಲ್ಲದ ಐ5ಕ್ಕೆ ಧಾರಾಳ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಓಡುತ್ತಿರುವಾಗ ಅದು ಏದುಸಿರು ಬಿಡುತ್ತದೆ, ಆಡುವವರು 1000 ವಿಎ ತೆಗೆದುಕೊಳ್ಳಿ.

ಕೆ.ಎಸ್.ಇ.ಬಿ.ಯ ಕರೆಂಟ್ ಬಿಲ್ಲಿನಲ್ಲಿ ವ್ಯತ್ಯಾಸ ಬರುತ್ತದೆಯೇ?

ಪೂರ್ತಿ ಭಾರ ಬಿದ್ದಾಗ ಐ5 117 ವ್ಯಾಟ್‌ವರೆಗೆ ಏರಬಹುದು, 5600 76ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಟದಲ್ಲಿ ಅಷ್ಟು ಭಾರ ಬೀಳುವುದಿಲ್ಲ. 20 ವ್ಯಾಟ್ ಅಂತರ ಇದೆಯೆಂದೇ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆಯಂತೆ ಎರಡು ತಿಂಗಳ ಬಿಲ್ಲಿಗೆ ಅದು ಐದು ಯೂನಿಟ್ಟಿನೊಳಗೆ. ಹಳೆಯ ಟ್ಯೂಬ್‌ಲೈಟ್ ಒಂದನ್ನು ಎಲ್ಇಡಿಗೆ ಬದಲಿಸಿದರೆ ಹೆಚ್ಚುಕಡಿಮೆ ಅಷ್ಟು ಉಳಿಯುತ್ತದೆ.

ಮುಂದೆ ಇನ್ನೂ ಶಕ್ತಿಯ ಪ್ರೊಸೆಸರ್ ಹಾಕಬಹುದೇ?

ಐ5ರ ಎಲ್‌ಜಿಎ1700 ಬೋರ್ಡಿಗೆ ಇಂಟೆಲಿನ 13 ಮತ್ತು 14ನೇ ತಲೆಮಾರಿನವು ಕೂರುತ್ತವೆ. ಆ ತಲೆಮಾರುಗಳ ಹಲವು ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದವು. 2024ರ ಆಗಸ್ಟಿನಲ್ಲಿ ಇಂಟೆಲ್ ಅದಕ್ಕೆ ಬಯಾಸಿನ ಮೂಲಕ ಬರುವ ಮೈಕ್ರೋಕೋಡ್ (ಪ್ರೊಸೆಸರನ್ನು ಒಳಗಿಂದ ನಡೆಸುವ ತಂತ್ರಾಂಶ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. 12ನೇ ತಲೆಮಾರಿಗೆ ಆ ತೊಂದರೆ ಇಲ್ಲ. ಮುಂದೆ ಬಳಸಿದ 13ನೆಯದನ್ನು ಅಗ್ಗಕ್ಕೆ ಕೊಳ್ಳುವವರು ಮೊದಲು ಬಯಾಸ್ ನವೀಕರಿಸಿ, ಆಮೇಲೆ ಪ್ರೊಸೆಸರ್ ಕೂರಿಸಿ.

ಎಎಂ4 ಬೋರ್ಡಿಗೆ ಎಂಟು ಕೋರಿನ 5700ಎಕ್ಸ್ ಹಾಕಬಹುದು. 96 ಎಂಬಿ ಕ್ಯಾಷ್ ಇರುವ 5800ಎಕ್ಸ್3ಡಿ ಕೈಗೆ ಸಿಕ್ಕರೆ ಆಡುವವರಿಗೆ ಹಬ್ಬ. ಅದರ ಮುಂದಿನ ಮಾದರಿಯಾದ ಎಎಂ5ರ ಪ್ರೊಸೆಸರುಗಳು ಇದರಲ್ಲಿ ಕೂರುವುದಿಲ್ಲ.

ಕಾಸರಗೋಡಿನಲ್ಲಿ ಕೊಳ್ಳಲೇ, ಮಂಗಳೂರಿನಲ್ಲಿ ಕೊಳ್ಳಲೇ?

ಎಲ್ಲಿ ಕೊಂಡರೂ ಪೆಟ್ಟಿಗೆ ಸಹಿತವಾದದ್ದನ್ನು ಕೇಳಿ. ಬಿಡಿಯಾಗಿ ಮಾರುವುದಕ್ಕೆ ಫ್ಯಾನ್ ಇರುವುದಿಲ್ಲ, ಕಂಪನಿಯ ಮೂರು ವರ್ಷದ ವಾರಂಟಿಯೂ ಸಿಗದೆ ಹೋಗಬಹುದು. ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ಎಫ್ ಇದೆಯೋ ಇಲ್ಲವೋ ಎಂಬುದು ಸೇರಿ, ಬರೆಸಿಕೊಳ್ಳಿ. ಬೆಲೆಯಲ್ಲಿ ಸ್ವಲ್ಪ ಹೆಚ್ಚಾದರೂ ಕೆಟ್ಟಾಗ ನಡೆದುಕೊಂಡು ಹೋಗಬಹುದಾದ ಅಂಗಡಿ ನನಗೆ ಇಷ್ಟ.

ಮನೆಯಲ್ಲಿ 2018ರ ರೈಝನ್ ಯಂತ್ರವಿದೆ. ಎಲ್ಲವನ್ನೂ ಬಿಸಾಡಬೇಕೇ?

ಬಿಸಾಡಬೇಡಿ! 5600ನ್ನು ನಾನು ಮನಸಾರೆ ಹೊಗಳುವ ಜಾಗ ಇದೇ. ಬಿ450 ಬೋರ್ಡ್ ಇದ್ದರೆ ಅದೇ ಬೋರ್ಡ್, ಅದೇ ರ‍್ಯಾಮ್, ಅದೇ ಕ್ಯಾಬಿನೆಟ್ ಉಳಿಯುತ್ತದೆ, ಪ್ರೊಸೆಸರ್ ಮಾತ್ರ ಹೊಸದು. ಇಂಟೆಲಿಗೆ ಹೋದರೆ ಬೋರ್ಡೂ ಹೊಸದಾಗಿ ಬೇಕು. ಹಳೆಯ ರೈಝನ್ 5 2600 ತೆಗೆದು 5600 ಹಾಕಿದಾಗ ಆಟದಲ್ಲಿ ಕಾಣುವ ಜಿಗಿತ, ಮೇಲೆ ಹೇಳಿದ ಎರಡು ಪ್ರೊಸೆಸರುಗಳ ನಡುವಿನ ಅಂತರಕ್ಕಿಂತ ಎಷ್ಟೋ ದೊಡ್ಡದು.

ಎರಡು ಕಡೆ ಎಚ್ಚರ ಬೇಕು. ಹಳೆಯ ಪ್ರೊಸೆಸರ್ ಒಳಗಿರುವಾಗಲೇ ಬಯಾಸನ್ನು ನವೀಕರಿಸಬೇಕು, ಇಲ್ಲವಾದರೆ ಬೋರ್ಡಿಗೆ ಹೊಸದರ ಗುರುತೇ ಹತ್ತುವುದಿಲ್ಲ. ನವೀಕರಣದ ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ, ಆದ್ದರಿಂದ ಯುಪಿಎಸ್ ಇಲ್ಲದೆ, ಮಳೆಯ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಎರಡನೆಯದು ಕೂಲರ್ ಬಿಚ್ಚುವಾಗ. ಎಎಂ4 ಪ್ರೊಸೆಸರಿನ ಕಾಲುಗಳು ಪ್ರೊಸೆಸರಿಗೇ ಅಂಟಿಕೊಂಡಿರುತ್ತವೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ, ವರ್ಷಗಳಿಂದ ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ, ಸೀದಾ ಎಳೆದರೆ ಪ್ರೊಸೆಸರೂ ಕಿತ್ತು ಬಂದು ಕಾಲುಗಳು ಬಾಗುತ್ತವೆ. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಆರಿಸಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತಾ ಬಿಡಿಸಿ. ತೆಗೆದ 2600 ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿದೆ. ಅದರದೇ ಪೆಟ್ಟಿಗೆಯಲ್ಲಿ ಕಾಲು ಬಾಗದಂತೆ ಇಟ್ಟರೆ ಕೊಳ್ಳುವವರು ಸಿಗುತ್ತಾರೆ.